ಹಾಲುಹಲ್ಲಿನೊಳಗಿನ ಗೆರೆ

ನೆರಳುಶಕ ೨೧೨, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ
ಕೃಷ್ಣೆಯ ಎಡದಂಡೆ, ಮೂರನೆಯ ನೆರಳೂರು

ಹಿಂದಿನವರಾದ ನಿಮಗೆ ದಾನವ್ವ ಮಾಡುವ ಶರಣು.

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಮಾತಿನಲ್ಲಿ ಗುರುತು ಸಿಗದ ಪದಗಳು ನುಸುಳಿದರೆ ಮನ್ನಿಸಬೇಕು. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಲ್ಲಿ ಓದಿ ಕಲಿತವಳೇ ಹೊರತು ಆಡಿ ಕಲಿತವಳಲ್ಲ. ಅರವತ್ತು ದಾಟಿದವರಿಗೆ ನಮ್ಮಲ್ಲಿ ಒಂದು ಹಿಂದೋಲೆ ಬರೆಯುವ ಹಕ್ಕಿದೆ. ಹಿಂದೋಲೆ ಎಂದರೆ ಹಿಂದಿನ ಕಾಲಕ್ಕೆ ಕಳಿಸುವ ಓಲೆ. ಅದು ಮುಟ್ಟುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಹೆಚ್ಚಿನವರು ನಿಮ್ಮನ್ನು ಬಾಯಿಗೆ ಬಂದಂತೆ ಬೈದು ಬರೆಯುತ್ತಾರೆ, ಈ ಬಿಸಿಲಿಗೆ ನೀವೇ ಹೊಣೆ ಎನ್ನುತ್ತಾರೆ. ನನಗೆ ಅಷ್ಟು ಪುರುಸೊತ್ತಿಲ್ಲ. ನಾನು ಬರೆಯುತ್ತಿರುವುದು ಒಂದು ಹಲ್ಲಿನ ವಿಷಯ.

ನಮ್ಮ ಊರು ಹೇಗಿದೆ ಎಂದು ಮೊದಲು ಹೇಳಬೇಕು. ನೆರಳೂರು ಎಂದರೆ ಕಂಬದಿಂದ ಕಂಬಕ್ಕೆ ಬಟ್ಟೆ ಬಿಗಿದ, ಊರಿಗೆಲ್ಲ ಒಂದೇ ಚಪ್ಪರವಿರುವ ಊರು. ಆ ಬಟ್ಟೆ ಬರುವುದು ಸತ್ತವರ ಮನೆಯಿಂದ. ಯಾರೇ ಹೋದರೂ ಅವರ ಸೀರೆ, ಧೋತರ, ಹೊದ್ದ ಕೌದಿ ಎಲ್ಲವನ್ನೂ ತಂದು ಚಪ್ಪರಕ್ಕೆ ಹೊಲಿಯುತ್ತೇವೆ. ನಾಲ್ಕೈದು ವರ್ಷದಲ್ಲಿ ಬಿಸಿಲು ಅದನ್ನು ತಿಂದು ಮುಗಿಸುತ್ತದೆ. ಹೊಲಿದ ದಿನದಿಂದ ಮನೆಯಲ್ಲಿ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ಹೆಸರು ಹಿಡಿದು ಕರೆದರೆ ಹೋದ ಜೀವಕ್ಕೆ ಬಿಸಿಲು ತಾಗುತ್ತದೆ ಎಂಬ ನಂಬಿಕೆ. ನಾನೂ ನಂಬಿದ್ದೆ. ನಂಬಿದರೆ ಅಳುವುದು ತಪ್ಪುತ್ತಿತ್ತು.

ನಮ್ಮ ಊಟ ತೊಟ್ಟಿಯಲ್ಲಿ ಬೆಳೆಯುವ ಪಾಚಿಯ ಮುದ್ದೆ. ಅದಕ್ಕೆ ಹಲ್ಲೇ ಬೇಡ, ನಾಲಿಗೆ ಸಾಕು. ಇದರಿಂದಲೇ ನಮ್ಮ ದವಡೆ ಕಿರಿದಾಯಿತು ಎಂದು ಹಿರಿಯರು ಹೇಳುತ್ತಾರೆ. ಅದಕ್ಕಾಗಿ ಶಾಲೆಗಳಲ್ಲಿ ದಿನಾ 'ಅಗಿಯುವ ಹೊತ್ತು' ಎಂದು ಒಂದನ್ನು ಇಟ್ಟಿದ್ದಾರೆ. ಮಕ್ಕಳೆಲ್ಲ ಸಾಲಾಗಿ ಕೂತು ಕಟಕ ರೊಟ್ಟಿ ಕಡಿಯುತ್ತಾರೆ. ಆ ಸದ್ದಿನಲ್ಲಿ ಮಾಸ್ತರ ಮಾತು ಯಾರಿಗೂ ಕೇಳಿಸುವುದಿಲ್ಲ, ಮಕ್ಕಳಿಗೆ ಬೇಕಾದದ್ದೂ ಅದೇ. ಆದರೂ ಕೋರೆಹಲ್ಲುಗಳು ದಾರಿ ತಪ್ಪುವುದು ನಿಂತಿಲ್ಲ. ಮೇಲಿನ ಕೋರೆ ಮೂಗಿನ ಪಕ್ಕದಲ್ಲಿ, ಬಹಳ ಎತ್ತರದಲ್ಲಿ ಮೂಡಿ, ಉಳಿದ ಹಲ್ಲುಗಳಿಗಿಂತ ದೂರ ನಡೆದು ಬರಬೇಕಾದ ಹಲ್ಲು. ಕೆಲವರಲ್ಲಿ ಅದು ಅಂಗುಳಿನ ಕಡೆ ತಿರುಗಿ ಮೂಳೆಯೊಳಗೇ ಮಲಗಿಬಿಡುತ್ತದೆ. ಅದನ್ನು ಪತ್ತೆ ಹಚ್ಚಿ ಕೆಳಗಿಳಿಸುವವಳನ್ನು ಕೋರೆಗಾತಿ ಎನ್ನುತ್ತಾರೆ. ನಾನು ಈ ಊರಿನ ಕೋರೆಗಾತಿ.

ಕೆಲಸದ ಅರ್ಧ ಪಾಲು ಬೆರಳಿನದು. ಮಗುವಿಗೆ ಒಂಬತ್ತೋ ಹತ್ತೋ ಆದಾಗ ಹಾಲುಕೋರೆಯ ಮೇಲಿನ ಒಸಡಿನ ಹೊರಬದಿಯಲ್ಲಿ ಬೆರಳಾಡಿಸಬೇಕು. ಅಲ್ಲೊಂದು ಗಟ್ಟಿ ಉಬ್ಬು ಸಿಕ್ಕರೆ ಹೊಸ ಹಲ್ಲು ಸರಿದಾರಿಯಲ್ಲಿದೆ ಎಂದರ್ಥ. ನಾವು ಅದಕ್ಕೆ ಮೊಗ್ಗು ಎನ್ನುತ್ತೇವೆ. ಎರಡೂ ಕಡೆ ಮೊಗ್ಗು ಸಿಕ್ಕ ದಿನ ಮನೆಯವರು ಓಣಿಗೆಲ್ಲ ಬೆಲ್ಲ ಹಂಚುತ್ತಾರೆ.

ನನ್ನ ತಂಗಿಯ ಮಗಳು ಬೆಳವಲಿಗೆ ಬಲಗಡೆ ಮಾತ್ರ ಮೊಗ್ಗು ಸಿಕ್ಕಿತು. ತಂಗಿ ಅವಳನ್ನು ಹೆತ್ತ ದಿನವೇ ತೀರಿಕೊಂಡಿದ್ದಳು. ತಂದೆ ಕಾಲುವೆಯ ಕೆಲಸಕ್ಕೆಂದು ಹೋಗಿ ಬೇರೊಂದು ನೆರಳೂರಿನಲ್ಲಿ ನೆಲೆನಿಂತ. ಸಾಕಿದವಳು ನಾನು. ಶಾಲೆಯಲ್ಲೂ ಅವಳು ದಾನವ್ವನ ಬೆಳವಲಿ. ಒಂದು ವರ್ಷ ಕಾದು ನೋಡಿದೆ. ಹನ್ನೊಂದು ತುಂಬಿದರೂ ಎಡಗಡೆ ಒಸಡು ಚಪ್ಪಟೆಯಾಗಿಯೇ ಇತ್ತು. ಉಳಿದ ಹಾಲುಹಲ್ಲೆಲ್ಲ ಬಿದ್ದರೂ ಎಡಗಡೆಯ ಹಾಲುಕೋರೆ ಅಲುಗಾಡಲಿಲ್ಲ. ದವಡೆಯ ಒಳಚಿತ್ರ ತೆಗೆಸಿ ನೋಡಿದರೆ, ಒಳಗಿನ ಕೋರೆ ಓರೆಯಾಗಿ ಬಂದು ಪಕ್ಕದ ಮುಂಬಲ್ಲಿನ ಬೇರಿಗೆ ಒರಗಿತ್ತು. ಹಾಗೆ ಒರಗಿದ ಕೋರೆ ಸುಮ್ಮನಿರುವುದಿಲ್ಲ, ಆ ಬೇರನ್ನು ಸವೆಸುತ್ತದೆ. ನೋವಿರುವುದಿಲ್ಲವಾದ್ದರಿಂದ ಮಗುವಿಗೂ ತಿಳಿಯುವುದಿಲ್ಲ. ಈಗಲೇ ಹಾಲುಹಲ್ಲು ತೆಗೆದರೆ ಜಾಗ ಸಿಕ್ಕಿ ಕೋರೆ ತಾನಾಗಿಯೇ ದಾರಿಗೆ ಬರುವ ಸಾಧ್ಯತೆ ಹೆಚ್ಚು. ತಡವಾದರೆ ಅಂಗುಳು ಕೊಯ್ದು, ಒಳಗಿನ ಹಲ್ಲಿಗೆ ಸರಪಳಿ ಅಂಟಿಸಿ ವರ್ಷಗಟ್ಟಲೆ ಎಳೆಯಬೇಕು. ಅಷ್ಟರಲ್ಲಿ ಮುಂಬಲ್ಲೇ ಹೋಗಿದ್ದರೂ ಹೋಯಿತು.

ಬೆಳವಲಿ ಬಾಯಿ ತೆರೆಯಲಿಲ್ಲ. ಹತ್ತು ದಾಟಿದ ಮಗು ಒಪ್ಪದೆ ಅದರ ಮೈ ಮುಟ್ಟುವಂತಿಲ್ಲ ಎಂಬುದು ನಮ್ಮ ಕಾನೂನು. ರಮಿಸಿದೆ, ಗದರಿಸಿದೆ, ಹಲ್ಲುದುರಿದ ಮುದುಕಿಯಂತೆ ಬಾಯಿ ಮಾಡಿ ತೋರಿಸಿ ನಗಿಸಲು ನೋಡಿದೆ. ಅಗಿಯುವ ಹೊತ್ತಿನಲ್ಲಿ ಅವಳು ಬಲಗಡೆಯಿಂದಷ್ಟೇ ಕಡಿಯುವುದು ಆಗ ನನ್ನ ಕಣ್ಣಿಗೆ ಬಿತ್ತು. ಹಲ್ಲು ನೋಯುತ್ತಿದೆಯೇ ಎಂದು ಕೇಳಿದೆ.

"ನೋಯಂಗಿಲ್ಲ. ಸವದ ಹೋಗಬಾರ್ದಂತ ಕಾಯ್ತೀನಿ," ಅಂದಳು. "ಹಾಲಹಲ್ಲು ಅವ್ವನ ಹೊಟ್ಟ್ಯಾಗ ಇದ್ದಾಗನ ಕಟ್ಟತಾವಂತ ಸಾಲ್ಯಾಗ ಅಕ್ಕೋರು ಹೇಳ್ಯಾರ. ಉಳದದ್ದೆಲ್ಲಾ ಇದು ಗೊತ್ತಾಗೂ ಮೊದಲ ಚಪ್ಪರದ ಮ್ಯಾಲ ಒಗದೀನಿ. ಅಕಿ ಮಾಡಿದ್ದು ಇದೊಂದ ಉಳದೈತಿ ದೊಡ್ಡವ್ವ. ಇದನ್ನೂ ತಗೀತೀಯೇನು?"

ನಾನು ಎದ್ದು ಹಿತ್ತಲಿಗೆ ಹೋದೆ.

ನಿನ್ನ ಕಣ್ಣು, ಮೂಗು, ಕೈಕಾಲು ಎಲ್ಲವೂ ಅವಳು ಮಾಡಿದ್ದೇ ಎಂದು ಹೇಳಬಹುದಿತ್ತು. ಆದರೆ ಹುಡುಗಿ ಹಿಡಿದದ್ದು ಸುಳ್ಳಾಗಿರಲಿಲ್ಲ. ಕಣ್ಣು ಮೂಗು ಅವಳ ಜೊತೆ ಬೆಳೆದು ಬದಲಾಗಿವೆ, ಹಲ್ಲು ಒಮ್ಮೆ ಕಟ್ಟಿದ್ದು ಕಟ್ಟಿದಂತೆಯೇ ಇರುತ್ತದೆ. ಆದ್ದರಿಂದ ಒಳಗೆ ಬಂದು ನನಗೆ ಗೊತ್ತಿದ್ದದ್ದನ್ನು ಇದ್ದಂತೆಯೇ ಹೇಳಿದೆ. ಮಗು ಹುಟ್ಟುವ ದಿನ ಹಲ್ಲಿನ ಬೆಳವಣಿಗೆ ಕೊಂಚ ತಡವರಿಸುತ್ತದೆ. ಅದರ ಗುರುತಾಗಿ ಹಾಲುಹಲ್ಲಿನೊಳಗೆ ಕೂದಲಿಗಿಂತ ತೆಳುವಾದ ಒಂದು ಗೆರೆ ಉಳಿಯುತ್ತದೆ. ಗೆರೆಯ ಒಳಗಿನದು ತಾಯಿಯ ಹೊಟ್ಟೆಯಲ್ಲಿದ್ದಾಗ ಆದದ್ದು, ಹೊರಗಿನದು ಆಮೇಲಿನದು. ಹಲ್ಲು ಬಾಯಲ್ಲಿರುವವರೆಗೆ ಅದನ್ನು ನೋಡಲಾಗುವುದಿಲ್ಲ. ತೆಗೆದರೆ ಸೀಳಿ ತೋರಿಸಬಲ್ಲೆ.

ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು. ಮೂರನೆಯ ದಿನ ತಾನಾಗಿಯೇ ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದಳು. ಮರಗಟ್ಟಿಸುವ ಮದ್ದು ಹಾಕಿದ್ದೆ, ನೋವಾಗಿರಲಿಕ್ಕಿಲ್ಲ. ಆದರೂ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಹಲ್ಲನ್ನು ತೆಳುವಾಗಿ ಸೀಳಿ ಮಸೂರದಡಿ ಇಟ್ಟೆ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು. "ಇಷ್ಟ ಏನು?" ಎಂದು ಕೇಳಿದಳು. ಇಷ್ಟೇ ಅಂದೆ. ಆಮೇಲೆ ನಾನೂ ನೋಡಿದೆ. ಕೆಲಸ ಕಲಿಯುವಾಗ ಇಂಥ ಗೆರೆಗಳನ್ನು ಎಷ್ಟೋ ನೋಡಿದವಳು, ಅಂದು ನನಗೆ ಏನೂ ಸರಿಯಾಗಿ ಕಾಣಿಸಲಿಲ್ಲ. ನನ್ನ ತಂಗಿ ತೀರಿದ ದಿನದ ಗೆರೆ ಅದು.

ಮರುವರ್ಷ ಹೊಸ ಕೋರೆಯ ತುದಿ ಒಸಡು ಸೀಳಿ ಹೊರಗೆ ಬಂತು. ಮುಂಬಲ್ಲಿನ ಬೇರು ಉಳಿಯಿತು. ನಾನು ಬೆಲ್ಲ ತಂದಿಟ್ಟೆ. ಬೆಳವಲಿ ಕನ್ನಡಿ ಹಿಡಿದು ಆ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಇದು ಹುಟ್ಟಿದ ಮ್ಯಾಲ ಕಟ್ಟಿದ್ದು, ಹೌದಲ್ಲ? ಇದಕ್ಕ ಅವ್ವ ಗೊತ್ತಿಲ್ಲ," ಅಂದಳು. "ಅಕಿ ಯಾರಂತ ಇದಕ್ಕ ನಾನ ಹೇಳಬೇಕು. ನನಗ ಯಾರ ಹೇಳ್ತಾರ?"

ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ಮಗುವಿಗೆ ಹೆತ್ತವಳ ಹೆಸರು ತಿಳಿದಿರಲಿಲ್ಲ. ನಾನು ಹೇಳಿದೆ. ನಿಂಬೆವ್ವ ಅಂದೆ. ಅಷ್ಟು ಹೇಳಿ ಅತ್ತುಬಿಟ್ಟೆ. ಆಮೇಲೆ ಅವಳು ಜೋರಾಗಿ ನಗುತ್ತಿದ್ದದ್ದು, ಮೆಣಸಿನಕಾಯಿಯನ್ನು ಹಸಿಯಾಗಿಯೇ ಕಚ್ಚುತ್ತಿದ್ದದ್ದು, ಹಾಡಲು ಬಾರದಿದ್ದರೂ ಹಾಡುತ್ತಿದ್ದದ್ದು, ಎಲ್ಲ ಹೇಳಿದೆ. ಈಗ ಓಣಿಯಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಈ ಓಲೆ ನಿಮಗೆ ಮುಟ್ಟಿದರೆ ನನ್ನದೊಂದು ಬೇಡಿಕೆ. ಮನೆಯಲ್ಲಿ ಒಂಬತ್ತು ತುಂಬಿದ ಮಗುವಿದ್ದರೆ ಬಲ್ಲವರ ಹತ್ತಿರ ಕರೆದೊಯ್ದು ಒಸಡು ತೋರಿಸಿ, ತಡಮಾಡಬೇಡಿ. ಆ ಮಗು ತಾಯಿಯಿಲ್ಲದ್ದಾದರೆ, ಅದಕ್ಕೂ ಮೊದಲು ಕೂರಿಸಿಕೊಂಡು ತಾಯಿಯ ಹೆಸರು ಹೇಳಿ. ನಮ್ಮ ಹುಡುಗಿ ತನ್ನ ತಾಯಿಯನ್ನು ಒಂದು ಹಲ್ಲಿನಲ್ಲಿ ಹುಡುಕಬೇಕಾಯಿತು.

ದಾನವ್ವ