ಮುಖಪುಟದ ಹಿಂದಿನ ರಟ್ಟು

ಅಪ್ಪಾ,

ನೀವು ತೀರಿಕೊಂಡ ಮೇಲೆ ಯಾರೂ ಮುಟ್ಟದಿದ್ದ ನಿಮ್ಮ ಯುದ್ಧಕಾಲದ ವಾರಪತ್ರಿಕೆಗಳು ಇವತ್ತು ಮನೆ ಬಿಟ್ಟು ಹೋದವು. ಒಂದು ಪುಟ ಮಡಚಿದ್ದಕ್ಕೆ ನನ್ನ ಕಪಾಳಕ್ಕೆ ಬಾರಿಸಿದ್ದಿರಲ್ಲ, ಅವೇ. ಕೊಳ್ಳಲು ಬಂದವರು ಚೀಲ ಕೆಳಗಿಡುವ ಮೊದಲೇ, ಪತ್ರಿಕೆಗಳಿಗೆ ಕೊಳೆ ತಾಗಬಾರದೆಂದು ಕೈ ತೊಳೆಯಲು ನೀರು ಕೇಳಿದರು. ನಿಮ್ಮ ಪೈಕಿಯವರೇ ಅಂತ ಆಗಲೇ ಗೊತ್ತಾಯಿತು.

ಪ್ಲಾಸ್ಟಿಕ್ ಕವರಿನಿಂದ ಒಂದೊಂದನ್ನೇ ಹೊರಗೆಳೆದು, ಬಾಗದಿರಲೆಂದು ನೀವು ಹಿಂದಿಟ್ಟಿದ್ದ ರಟ್ಟನ್ನು ಪಕ್ಕಕ್ಕಿಡುತ್ತ ಹೋದರು. "ಎಷ್ಟು ಜೋಪಾನ ಮಾಡಿದಾರಮ್ಮ ನಿಮ್ಮಪ್ಪ," ಅಂದರು. ನಾನು ಹೂಂ ಅಂದೆ. ಹಡಗು ಮುಳುಗುವ ಚಿತ್ರವಿದ್ದ ಸಂಚಿಕೆಯ ರಟ್ಟು ಮಾತ್ರ ಅವರ ಕೈಯಲ್ಲೇ ಉಳಿಯಿತು. ತಿರುಗಿಸಿ ನೋಡಿ, "ಇದು ನಿಮಗೇ ಇರ್ಲಿ," ಎಂದು ನನ್ನ ಕಡೆ ಚಾಚಿದರು.

ಸ್ಟುಡಿಯೋದಲ್ಲಿ ತೆಗೆಸಿ, ದಪ್ಪ ರಟ್ಟಿಗೆ ಅಂಟಿಸಿಕೊಟ್ಟಿದ್ದ ನಮ್ಮ ಮೂವರ ಫೋಟೋ. ಅಮ್ಮ ಸಾಯುವವರೆಗೂ ಅದಕ್ಕಾಗಿ ಟ್ರಂಕು ಜಾಲಾಡಿದಳು. ನೀವು ಓದುತ್ತಿದ್ದ ಪುಟದಿಂದ ತಲೆಯೆತ್ತದೆ, "ಎಲ್ಲೋ ಇರತ್ತೆ ಬಿಡೇ," ಅನ್ನುತ್ತಿದ್ದಿರಿ. ಸುಳ್ಳೇನಲ್ಲ. ಇತ್ತು.

ಅದರಲ್ಲಿ ನೀವು ಕುರ್ಚಿಯಲ್ಲಿ ಕೂತಿದ್ದೀರಿ. ಪಕ್ಕದಲ್ಲಿ ಅಮ್ಮ. ಅವಳ ಹೆಗಲ ಮೇಲೆ ನನ್ನ ಕೈ. ಕೈಯಷ್ಟೇ. ಕವರಿನ ಅಳತೆಗೆ ಕೂರಲೆಂದು ಉಳಿದ ನನ್ನನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದೀರಿ.

ಹೊರಡುವ ಮುಂಚೆ ಅವರು ಆ ಸಂಚಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಮೆಚ್ಚಿಕೊಂಡರು. ಒಂದು ಮಡಿಕೆಯೂ ಬಿದ್ದಿಲ್ಲವಂತೆ.