ವಾಪಸ್ ಬರ್ತೀರಾ ಎಂದು ಕೇಳಿದ ವೀಸಾ ಅಧಿಕಾರಿಗಳಿಗೆ

ಗಾಜಿನ ಆಚೆ ಕುಳಿತಿದ್ದ ಮಾನ್ಯರೇ,

ನೀವು ನನಗೆ ವೀಸಾ ಕೊಡಲಿಲ್ಲ. ಒಂದೇ ಒಂದು ಸೆಮಿಸ್ಟರ್ ನಿಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಮತ್ತು ಸಮಾಜ ಚಿಂತನೆ ಓದಿ ಬರುತ್ತೇನೆಂದು ಕೇಳಿದ್ದೆ. ನಿಮ್ಮ ಚೀಟಿಯಲ್ಲಿ ‘ಅರ್ಜಿದಾರರ ಮರಳುವ ಉದ್ದೇಶ ಖಚಿತವಾಗಿಲ್ಲ’ ಎಂದು ಅಚ್ಚಾಗಿತ್ತು. ಮುಂದಿನ ತಿಂಗಳು ಅಲ್ಲಿ ತರಗತಿ ಶುರುವಾಗುತ್ತದೆ. ನಾನು ಕಳಿಸಿದ ಮೇಲ್‌ಗಳಿಗೆಲ್ಲ ‘ನಿಮ್ಮ ಸಂದೇಶ ತಲುಪಿದೆ, ಧನ್ಯವಾದ’ ಎಂದು ನಿಮ್ಮ ಯಂತ್ರ ಉತ್ತರಿಸಿದೆ. ಯಂತ್ರಕ್ಕಿರುವ ಸೌಜನ್ಯ ಮೆಚ್ಚಬೇಕಾದದ್ದೇ. ಮನುಷ್ಯರ ಉತ್ತರ ಬೇಕಾಗಿರುವುದರಿಂದ ನಾಲ್ಕು ಜನರ ಎದುರು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅಂದು ನಡೆದದ್ದು ನಿಮಗೆ ನೆನಪಿರಲಾರದು, ದಿನಕ್ಕೆ ನಮ್ಮಂಥವರು ಎಷ್ಟು ಮಂದಿಯೋ. ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳ ಮೇಲೆ ಟೋಕನ್ ಹಿಡಿದು ಕೂತಿದ್ದೆವು. ನಿಮ್ಮ ಮೈಕಿನ ಪುಣ್ಯದಿಂದ ಎಲ್ಲರ ಸಂಸಾರವೂ ಎಲ್ಲರಿಗೂ ಕೇಳಿಸುತ್ತಿತ್ತು. ನನಗಿಂತ ಮುಂಚಿನವರು ಯಂತ್ರ ರಿಪೇರಿಯ ತರಬೇತಿಗೆ ಹೊರಟವರು. ‘ವಾಪಸ್ ಬರ್ತೀರಾ?’ ಎಂದಿರಿ. ‘ಬರ್ತೀನಿ ಸಾರ್’ ಎಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಅವರ ಕೆಲಸವಾಯಿತು.

ನನ್ನ ಸರದಿ ಬಂತು.

‘ಇದನ್ನೆಲ್ಲ ಓದಿ ಏನ್ಮಾಡ್ತೀರಿ?’

‘ಯೋಚನೆ ಮಾಡ್ತೀನಿ ಸಾರ್.’

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನೀವೂ ನಕ್ಕಿರಿ. ಆ ನಗುವನ್ನು ನಂಬಿ ಸಲಿಗೆ ತಗೊಂಡೆ, ಅಲ್ಲೇ ಕೆಟ್ಟಿದ್ದು.

‘ಸೆಮಿಸ್ಟರ್ ಮುಗಿದ್ಮೇಲೆ ವಾಪಸ್ ಬರ್ತೀರಾ?’

‘ಬರಬೇಕು ಅಂತಲೇ ಹೋಗ್ತಿರೋದು ಸಾರ್. ಆದ್ರೆ ಓದಿದ ಮೇಲೂ ನಾನು ಇದೇ ನಾನಾಗಿರ್ತೀನಿ ಅಂತ ಈಗಲೇ ಹೇಗೆ ಹೇಳ್ಲಿ? ಇನ್ನೂ ಓದದೇ ಇರೋಳು, ಓದಿದವಳ ಪರವಾಗಿ ಮಾತು ಕೊಟ್ಟ ಹಾಗಾಗುತ್ತೆ.’

ಮೊಹರು ಬಿತ್ತು. ಬಾಗಿಲ ಹತ್ತಿರ ಆ ರಿಪೇರಿಯವರು ನಿಜವಾಗಿಯೂ ನೊಂದುಕೊಂಡು ಕೇಳಿದರು, ‘ಏನಮ್ಮಾ, ಒಂದು ಹೂಂ ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತು?’

ಮಾನ್ಯರೇ, ನಾನು ಜಾಣತನ ತೋರಿಸಲು ಹಾಗೆ ಹೇಳಲಿಲ್ಲ. ಯಾವ ಪ್ರಶ್ನೆಯನ್ನೂ ಹಾಗೇ ನುಂಗಬೇಡಿ, ಅಗಿಯಿರಿ ಎಂದು ನಮ್ಮ ಮೇಡಂ ಕಾಲೇಜಿನಲ್ಲಿ ವರ್ಷಗಟ್ಟಲೆ ತಿದ್ದಿದ್ದರು. ಅವರು ನಿವೃತ್ತರಾದರು, ಅವರ ಹುದ್ದೆಯೇ ರದ್ದಾಯಿತು. ನಮ್ಮ ವಿಭಾಗದ ಕೊಠಡಿಯಲ್ಲಿ ಈಗ ಮುರಿದ ಬೆಂಚು ಪೇರಿಸಿದ್ದಾರೆ. ಕೊನೆಯ ಸೆಮಿಸ್ಟರಿನ ವಿಷಯಗಳಿಗೆ ಪಾಠ ಮಾಡುವವರಿಲ್ಲದೆ, ಅವನ್ನು ನಿಮ್ಮ ದೇಶದಲ್ಲಿ ಓದಿ ಪಾಸಾದರೆ ಪದವಿ ಕೊಡುತ್ತೇವೆ ಎಂದು ಕಾಲೇಜು ಒಪ್ಪಿತ್ತು. ಇಲ್ಲದಿದ್ದರೆ? ‘ಕಾಮರ್ಸ್‌ಗೆ ಸೇರ್ಕೋಮ್ಮ, ಮೊದಲ ವರ್ಷದಿಂದ’ ಎಂದಿದ್ದಾರೆ ಪ್ರಾಂಶುಪಾಲರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಎಮ್ಮೆ ನಾನೇ. ಓದಿದ್ದೆಲ್ಲ ನೀರಿನಲ್ಲಿ ಹೋಮವಾಗುವುದಕ್ಕೆ ಇನ್ನು ಕೆಲವೇ ದಿನಗಳಿವೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಆ ಕಿಟಕಿಯಲ್ಲಿ ಹೂಂ ಎಂದವರೆಲ್ಲ ವಾಪಸ್ ಬಂದಿದ್ದಾರೆಯೇ? ಅಲ್ಲೇ ಉಳಿಯಬೇಕೆಂದು ಗಟ್ಟಿಮನಸ್ಸು ಮಾಡಿದವರು ನಿಮ್ಮೆದುರು ತೊದಲುತ್ತಾರೆಯೇ? ಅನುಮಾನವನ್ನು ಬಾಯಿಬಿಟ್ಟು ಹೇಳುವವರನ್ನು ತಡೆದು, ನುಂಗಿಕೊಳ್ಳುವವರನ್ನು ಬಿಡುವ ಈ ಜರಡಿಯನ್ನು ಯಾವ ಪುಣ್ಯಾತ್ಮರು ಕಂಡುಹಿಡಿದರು? ನಮ್ಮಪ್ಪ ಸಿಟಿ ಬಸ್ಸಿನ ಡ್ರೈವರ್. ‘ದಿನಾ ಅಷ್ಟೊಂದು ಜನರನ್ನ ಕೂರಿಸ್ಕೊಂಡು ಹೋಗ್ತೀನಿ, ವಾಪಸ್ ಬರ್ತೀರಾ ಅಂತ ಒಬ್ಬರನ್ನಾದ್ರೂ ಕೇಳಿದ್ದೀನಾ?’ ಎಂದು ಅವರು ನಗಿಸಲು ನೋಡಿದರು. ಅಮ್ಮ ನಗಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಘಟಕದಲ್ಲಿ ದಿನವಿಡೀ ನಿಂತು ದುಡಿದು ಬರುವವಳು ಅವಳು. ‘ಬಾಯಿ ಬಿಟ್ರೆ ಬಣ್ಣಗೇಡು ಅಂತ ಹಿರಿಯರು ನಿನ್ನ ನೋಡೇ ಹೇಳಿರ್ಬೇಕು’ ಎಂದು ಬೈದು, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತಳು.

ನನಗೆ ಭಯವಾಗಿದೆ, ಮಾನ್ಯರೇ. ವ್ಯಂಗ್ಯವಾಡುತ್ತಿದ್ದೇನೆಂದು ಧೈರ್ಯವಿದೆ ಅಂದುಕೊಳ್ಳಬೇಡಿ. ನೀವು ಇನ್ನೊಮ್ಮೆ ಕರೆದರೆ ತಪ್ಪಬಾರದೆಂದು ಮನೆಯಲ್ಲಿ ಅಭ್ಯಾಸ ಶುರುಮಾಡಿದ್ದೇವೆ. ಅಡುಗೆಮನೆಗೂ ಹಾಲಿಗೂ ನಡುವೆ ತಟ್ಟೆ ದಾಟಿಸುವ ಕಿಂಡಿಯೊಂದಿದೆ. ಅಪ್ಪ ಡ್ಯೂಟಿಗೆ ಹೋಗುವ ಮುನ್ನ ಖಾಕಿ ಅಂಗಿ ತೊಟ್ಟು ಅದರ ಆಚೆ ಕೂರುತ್ತಾರೆ, ಅವರೇ ನೀವು. ನಾನು ಈಚೆ ನಿಲ್ಲುತ್ತೇನೆ. ‘ನೆಟ್ಟಗೆ ನಿಂತ್ಕೋ, ಸ್ವಲ್ಪ ನಗು’ ಎಂದು ಅಮ್ಮ ತಿದ್ದುತ್ತಾಳೆ. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಈಗ ‘ಹೌದು ಸಾರ್, ಖಂಡಿತ ಬರ್ತೀನಿ’ ಎಂಬುದು ನೀರು ಕುಡಿದಷ್ಟು ಸಲೀಸು.

ನಿನ್ನೆ ಹಾಗೆ ಹೇಳಿ ಮುಗಿಸಿದಾಗ ಅಮ್ಮನಿಗೆ ಸಮಾಧಾನವಾಯಿತು. ಅಪ್ಪ ಮಾತ್ರ ಕಿಂಡಿಯ ಬಳಿಯಿಂದ ಏಳಲಿಲ್ಲ.

‘ಈಗ ಆಫೀಸರ್ ಕೇಳ್ತಿಲ್ಲ, ನಾನು ಕೇಳ್ತಿದೀನಿ. ಬರ್ತೀಯ ತಾನೇ ಮಗಳೇ?’

‘ಹೌದಪ್ಪ, ಖಂಡಿತ ಬರ್ತೀನಿ’ ಎಂದೆ. ಅದೇ ದನಿ, ಅದೇ ನಗು. ಬೇರೆ ದನಿಯಲ್ಲಿ ಹೇಳಲು ಹುಡುಕಿದೆ, ಸಿಗಲಿಲ್ಲ. ಅಪ್ಪ ಎದ್ದು, ‘ಈಗ ಚೆನ್ನಾಗಿ ಹೇಳ್ತೀಯ’ ಎಂದಷ್ಟೇ ಹೇಳಿ ಡ್ಯೂಟಿಗೆ ಹೊರಟರು.

ಆದ್ದರಿಂದ ಮಾನ್ಯರೇ, ನನ್ನನ್ನು ಮತ್ತೆ ಕರೆಯಿರಿ, ಈ ವಾರವೇ ಕರೆಯಿರಿ. ನನ್ನ ಮೊದಲಿನ ಉತ್ತರವನ್ನು ಕೇಳಿಸಿಕೊಳ್ಳುವ ವ್ಯವಧಾನವಿದ್ದರೆ ಅದನ್ನೇ ಹೇಳುತ್ತೇನೆ. ಇಲ್ಲವೆಂದರೆ ನಿಮಗೆ ಬೇಕಾದ ಉತ್ತರವೂ ಸಿದ್ಧವಿದೆ. ಯಾವುದನ್ನಾದರೂ ತೆಗೆದುಕೊಂಡು ವೀಸಾ ಕೊಡಿ. ಇನ್ನು ನಾನು ಏನು ಹೇಳಿದರೂ ಅಪ್ಪ ನಂಬಲಾರರು, ಬಂದು ಅವರೆದುರು ನಿಲ್ಲುವುದೊಂದೇ ನನಗುಳಿದಿರುವ ದಾರಿ. ಬರಬೇಕಾದರೆ ಮೊದಲು ಹೋಗಬೇಕಲ್ಲವೇ ಸಾರ್?

ಇಂತಿ,
ಹೋಗುವ ಮೊದಲೇ ಮನೆಯವರ ನಂಬಿಕೆ ಕಳೆದುಕೊಂಡ
ತತ್ವಶಾಸ್ತ್ರದ ಕೊನೆಯ ವಿದ್ಯಾರ್ಥಿನಿ