ಬಾಣಂತನದ ಕಟ್ಟಿಗೆ

ಉಳವಿ,
ತಾ. ೯-೬-೧೯೫೭, ಭಾನುವಾರ

ಚಿ|| ಸೌ|| ಲೋಕಮ್ಮನಿಗೆ ಅಪ್ಪಯ್ಯನ ಆಶೀರ್ವಾದ.

ಇತ್ತ ನಾವು ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ನನ್ನ ರೂಢಿ. ಇವತ್ತು ಆ ಸಾಲು ಬರೆಯಲು ಕೈ ಏಳಲಿಲ್ಲ. ಉಡುತಡಿಯಲ್ಲಿ ಅಳಿಯಂದಿರು, ಬೀಗಿತಿ ಮಾಸ್ತಮ್ಮನವರು ಎಲ್ಲರೂ ಚೆನ್ನಾಗಿದ್ದೀರೆಂದು ನಿನ್ನ ಕಾಗದದಿಂದ ತಿಳಿದು ಅಷ್ಟರಮಟ್ಟಿಗೆ ಸಮಾಧಾನವಾಯಿತು.

ನಿನ್ನ ಎರಡು ಕಾಗದಗಳೂ ತಲುಪಿವೆ ಮಗಳೇ. ಮೊದಲನೆಯದು ಬಂದು ತಿಂಗಳಾಯಿತು. ಎರಡನೆಯದರಲ್ಲಿ, "ಏಳು ತುಂಬುತ್ತಾ ಬಂತು, ಕರೆಯಲು ಯಾರೂ ಬರಲಿಲ್ಲ, ನನ್ನ ಮೇಲೆ ಸಿಟ್ಟೇ ಅಪ್ಪಯ್ಯ?" ಎಂದು ಕೇಳಿದ್ದೀಯ. ಸಿಟ್ಟು ಎಲ್ಲಿಯದು? ಕಾರಹುಣ್ಣಿಮೆಗೆ ಮುಂಚೆ ಬಂದು ಕರೆದುಕೊಂಡು ಹೋಗುತ್ತೇನೆಂದು ನಿಮ್ಮ ಮನೆಯ ನಡುಮನೆಯಲ್ಲಿ ಕೂತು ಮಾತು ಕೊಟ್ಟವನು ನಾನು. ನಡುವೆ, ಗದ್ದೆ ಕೆಲಸ ಇದೆ, ಬರುವುದು ತಡವಾಗುತ್ತದೆ ಎಂದು ಒಂದು ಕಾರ್ಡು ಹಾಕಿದ್ದೆ. ಅದು ಸುಳ್ಳು. ತುಂಬಿದ ಬಸುರಿಗೆ ಹೇಗೆ ತಿಳಿಸುವುದೆಂದು ಗೊತ್ತಾಗದೆ ಹಾಗೆ ಬರೆದೆ. ಇನ್ನು ಮುಚ್ಚಿಡುವುದು ಸರಿಯಲ್ಲ. ನೀನು ಮೊದಲು ಎಲ್ಲಾದರೂ ಗೋಡೆಗೊರಗಿ ಕೂತುಕೋ. ಹತ್ತಿರ ಅತ್ತೆಯವರಿದ್ದರೆ ಒಳ್ಳೆಯದು.

ನಿನ್ನ ಅವ್ವ ಬದುಕಿದ್ದಾಳೆ. ಉಣ್ಣುತ್ತಾಳೆ, ತಿರುಗಾಡುತ್ತಾಳೆ. ಜೀವಕ್ಕೆ ಏನೂ ಭಯವಿಲ್ಲ. ಆದರೆ ಅವಳ ಬಲಗೈಯ ಮೂರು ಬೆರಳು ಹೋಗಿವೆ. ಹೆಬ್ಬೆರಳೂ ಕಿರುಬೆರಳೂ ಉಳಿದಿವೆ. ಕಟ್ಟಿಗೆ ಸೀಳುವಾಗ ಆದದ್ದು. ಕೊಡಲಿ ನನ್ನ ಕೈಯಲ್ಲಿತ್ತು.

ನಿಮ್ಮ ಕಡೆ ಬೆರಣಿ, ಜೋಳದ ದಂಟು ಸುಟ್ಟು ಕಾಲ ಹಾಕುತ್ತೀರಿ. ಇಲ್ಲಿಯ ಮಳೆಗಾಲ ನಿನಗೆ ಗೊತ್ತಲ್ಲ. ಮೃಗಶಿರ ಹಿಡಿಯುವುದರೊಳಗೆ ಒಣಗಿದ್ದು ಒಳಗೆ ಸೇರದಿದ್ದರೆ ದೀಪಾವಳಿಯವರೆಗೂ ಒಲೆ ಊದುವುದೇ ಕೆಲಸ. ಪ್ರತಿ ವರ್ಷವೂ ನಾವು ಕಟ್ಟಿಗೆ ಒಟ್ಟಿದವರೇ. ಆದರೆ ಈ ವರ್ಷ ನಿನ್ನ ಅವ್ವನದು ಬೇರೆಯೇ ಹುರುಪು. ಕೂಸು ಹುಟ್ಟುವುದು ಶ್ರಾವಣದ ಜಡಿಮಳೆಯಲ್ಲಿ, ಬಾಣಂತಿಗೆ ಎರಡು ಹೊತ್ತು ಹಂಡೆ ತುಂಬ ಸುಡುನೀರು ಬೇಕು, ಹಸಿ ಕಟ್ಟಿಗೆಯ ಹೊಗೆ ಕೂಸಿನ ಕಣ್ಣಿಗೆ ಆಗದು ಎಂದು ಶಿವರಾತ್ರಿ ಕಳೆದ ಮಾರನೆಯ ದಿನದಿಂದಲೇ ಶುರು ಮಾಡಿದಳು. ಬೆಳಿಗ್ಗೆ ಗಂಜಿ ಕುಡಿದು ಪಕ್ಕದ ಮನೆಯ ಮಾಳಮ್ಮನ ಜೊತೆ ಕಾನಿಗೆ ಹೋದರೆ ಹೊತ್ತು ನೆತ್ತಿಗೆ ಬರುವಾಗ ತಲೆಹೊರೆ ಹೊತ್ತು ಬರುತ್ತಿದ್ದಳು. "ಹೂವಮ್ಮ, ಮೊಮ್ಮಗ ಹುಟ್ಟತಾನೋ, ಮದುವೆ ಊಟ ಹಾಕ್ಸತೀಯೋ? ಇಡೀ ಕಾನು ಮನೀಗ್ ಬಂತಲ್ಲೇ!" ಎಂದು ಮಾಳಮ್ಮ ನಗುವಳು. ಇವಳು, "ನನ್ ಮಗಳು ನಡುಗಬಾರದು ಕಣೇ, ಅಷ್ಟೇಯ" ಅನ್ನುವಳು.

ಸಣ್ಣ ಪುರಲೆ ಎಷ್ಟಿದ್ದರೂ ಹಂಡೆಯ ಒಲೆಗೆ ಸಾಲದು. ದಪ್ಪ ಸೀಳು ಬೇಕು. ಕಾನಿನ ಅಂಚಿಗೆ ಒಂದು ಮತ್ತಿಮರ ಹೋದ ಮಳೆಗಾಲದಲ್ಲಿ ಬುಡಮೇಲಾಗಿ ಬಿದ್ದು ಒಣಗಿತ್ತು. ಫಾರೆಸ್ಟ್ ಗಾರ್ಡನನ್ನು ಕೇಳಿಕೊಂಡೆ. "ಬಿದ್ದದ್ದು ತಗಂಡು ಹೋಗಿ ಕೆಂಪಪ್ಪ, ನಿಂತಿದ್ದಕ್ಕೆ ಕೊಡಲಿ ಹಾಕಿದ್ರೆ ಮಾತ್ರ ನಾನು ಸುಮ್ನಿರಲ್ಲ" ಎಂದ. ಕೆಳಗಿನ ಮನೆಯ ಸಣ್ಣಬೀರಪ್ಪನ ಎತ್ತಿನ ಗಾಡಿಯಲ್ಲಿ ನಾಲ್ಕು ಸಲ ಹೇರಿಕೊಂಡು ಬಂದು ಹಿತ್ತಲಲ್ಲಿ ಕೆಡವಿದೆವು. ಮತ್ತಿ ಎಂದರೆ ಕಬ್ಬಿಣ. ಬೆಣೆ ಹೊಡೆದು ಎರಡು ಹೋಳು ಮಾಡಿ, ಆಮೇಲೆ ಒಂದೊಂದೇ ಹೋಳನ್ನು ಕೊರಡಿನ ಮೇಲೆ ನಿಲ್ಲಿಸಿ ಸೀಳಬೇಕು. ನಿಲ್ಲಿಸುವುದು ಅವಳು, ಸೀಳುವುದು ನಾನು. ಮದುವೆಯಾದ ವರ್ಷದಿಂದ ನಮ್ಮಿಬ್ಬರದು ಹೀಗೆಯೇ ನಡೆದದ್ದು. ಸೀಳಿದ್ದನ್ನು ಅವಳೇ ಕೊಟ್ಟಿಗೆಯ ಮಾಡಿನಡಿಗೆ ಒಯ್ದು, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು, ನಡುವೆ ಗಾಳಿಯಾಡುವಂತೆ ಒಟ್ಟುತ್ತಿದ್ದಳು. ಎದೆಮಟ್ಟಕ್ಕೆ ಬಂದಿತ್ತು.

ಬಸವ ಜಯಂತಿ ಕಳೆದ ಮುಂದಿನ ಬುಧವಾರ, ಬಿಸಿಲೇರುವ ಮೊದಲೇ ಕೆಲಸ ಹಿಡಿದಿದ್ದೆವು. ನಡೆದದ್ದನ್ನು ನಿನ್ನ ಅವ್ವ ಬಂದವರಿಗೆಲ್ಲ ಒಂದೇ ಥರ ಹೇಳುತ್ತಾಳೆ: "ತುಂಡು ವಾಲ್ತು. ನೆಟ್ಟಗೆ ಮಾಡಾನ ಅಂತ ಮತ್ತೆ ಕೈ ಹಾಕ್ದೆ. ಅವ್ರು ಆಗ್ಲೇ ಕೊಡಲಿ ಎತ್ತಿದ್ರು. ನಂದೇ ತಪ್ಪು, ನನಗೆ ಬುದ್ಧಿ ಬೇಡ್ವಾ?"

ಅವಳು ಕೂಗಲಿಲ್ಲ ಲೋಕಿ. "ಅಯ್ಯೋ" ಎಂದಳು, ಹಾಲು ಉಕ್ಕಿದಾಗ ಅನ್ನುತ್ತಾಳಲ್ಲ, ಅಷ್ಟೇ. ಕೂಗಿದ್ದು ಬೇಲಿಯಾಚೆಯ ಮಾಳಮ್ಮ. ನಾನು ನನ್ನ ಪಂಚೆ ಹರಿದು ಸುತ್ತಿದೆ. ಸುತ್ತಿದಷ್ಟೂ ತೊಯ್ಯುತ್ತಿತ್ತು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಸಣ್ಣಬೀರಪ್ಪ ಎತ್ತು ಕಟ್ಟಿದ. ಸೊರಬದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ. ಒಂದು ಸಲ ಕಣ್ಣು ಬಿಟ್ಟು, "ಕೂಸಿಗೆ ನೀರು ಹಾಕಾದು ಯಾರು?" ಎಂದು ಕೇಳಿದಳು. "ಸುಮ್ನಿರು, ಎಲ್ಲ ಸರಿಯಾಗ್ತದೆ" ಎಂದೆ. ಡಾಕ್ಟರು ಒಳ್ಳೆಯವರು. ಎರಡು ಬೆರಳು ಹಿತ್ತಲಲ್ಲೇ ತುಂಡಾಗಿದ್ದವು, ಮೂರನೆಯದನ್ನು ಉಳಿಸಲು ನೋಡಿದರು, ಐದನೆಯ ದಿನ ಅದೂ ಕಪ್ಪಾಯಿತು. ಹದಿನೇಳು ದಿನ ಅಲ್ಲಿದ್ದೆವು.

ಈಗ ಗಾಯ ಮಾಯ್ದಿದೆ. ಆದರೆ ಅವಳು ಸುಮ್ಮನೆ ಕೂರುವವಳೇ? ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಒಂದು ಕುಂಬಳಕಾಯಿಯನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಬಚ್ಚಲಲ್ಲಿ ಕೂತಿದ್ದಾಳೆ. ಎಡಗೈಯಲ್ಲಿ ತಂಬಿಗೆಯಿಂದ ನೀರು ಹೊಯ್ದು, ಬಲಗೈಯ ಆ ಎರಡು ಬೆರಳಲ್ಲಿ ಅದನ್ನು ತಿರುಗಿಸಿ ಹಿಡಿಯಲು ನೋಡುತ್ತಿದ್ದಳು. ಜಾರಿ ಕೆಳಗೆ ಬಿತ್ತು. ಮತ್ತೆ ಎತ್ತಿಕೊಂಡಳು. ಮತ್ತೆ ಜಾರಿತು. ಪಕ್ಕದಲ್ಲೇ ನಾನು ಬಂದು ನಿಂತದ್ದು ಕಂಡು, "ಸಾರಿಗೆ ತೊಳೀತಿದ್ದೆ" ಎಂದಳು.

ಇದನ್ನು ಬರೆಯಬಾರದಿತ್ತೇನೋ. ಬರೆದದ್ದನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ.

ಕಟ್ಟಿಗೆಯ ಕಥೆ ಕೇಳು. ನಾವು ಸೊರಬದಲ್ಲಿದ್ದಾಗ ಕೃತ್ತಿಕಾ ಮಳೆ ಒಂದು ದಿನ ಜೋರಾಗಿ ಹೊಡೆಯಿತು. ಮಾಡಿನೊಳಗೆ ಒಟ್ಟಿದ್ದು ಉಳಿಯಿತು. ಹಿತ್ತಲಲ್ಲಿ ಬಿದ್ದಿದ್ದ ಅರ್ಧ ಮತ್ತಿ ನೆನೆದು ಹೋಯಿತು. ಸಣ್ಣಬೀರಪ್ಪ ತನ್ನ ಮನೆಯ ಕೆಲಸ ಬಿಟ್ಟು ಎರಡು ದಿನ ಬಂದು ಕೈಲಾದಷ್ಟು ಸೀಳಿಕೊಟ್ಟ. ಮಾಳಮ್ಮ ಒಟ್ಟಿ, ಮೇಲೆ ಸೋಗೆ ಹೊದಿಸಿದಳು. ಇನ್ನೂ ಏಳೆಂಟು ಹೋಳು ಹಾಗೇ ಇವೆ. ಅವರಿಗೂ ಗದ್ದೆಯ ಕೆಲಸ ಶುರುವಾಯಿತು, ಎಷ್ಟೆಂದು ಕೇಳುವುದು? ನಾನು ಕೊಡಲಿ ಮುಟ್ಟಿಲ್ಲ. ಹೋಗಿ ಅದರ ಮುಂದೆ ನಿಲ್ಲುತ್ತೇನೆ, ವಾಪಸು ಬರುತ್ತೇನೆ. "ಬೇಸರ ಮಾಡ್ಕಬೇಡಿ, ಇರೋದ್ರಲ್ಲೇ ಸುಧಾರಿಸಿದ್ರಾಯ್ತು" ಎಂದು ನಿನ್ನ ಅವ್ವ ನನಗೇ ಸಮಾಧಾನ ಹೇಳುತ್ತಾಳೆ. ಮೊನ್ನೆಯಿಂದ ಮೃಗಶಿರ ಹಿಡಿದಿದೆ. ಈ ಕಾಗದ ಬರೆಯುವಾಗಲೂ ಹನಿಯುತ್ತಿದೆ.

ಈಗ ನಿನ್ನ ವಿಚಾರ. ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ. ಮೊದಲ ಹೆರಿಗೆ ತವರಲ್ಲಿ ಆಗದಿದ್ದರೆ ಜನ ಏನೆಂದಾರು ಎನ್ನುವುದು ಇರಲಿ, ನಿನ್ನ ಮನಸ್ಸು ಏನಾಗಬಹುದು ಎಂದು ಯೋಚಿಸುತ್ತೇನೆ. ನಿನ್ನ ಅವ್ವನನ್ನು ಕೇಳಿದರೆ ಒಂದೇ ಮಾತು: "ನನ್ ಕೈ ಹೋಗೈತೆ, ಮಡಿಲು ಹೋಗಿಲ್ಲ. ಹೋಗಿ ಕರ್ಕಂಡು ಬನ್ನಿ." ಸೂಲಗಿತ್ತಿ ತಿಮ್ಮಮ್ಮ ಬಂದು, ಹತ್ತು ದಿನ ತಾನೇ ನೀರು ಹಾಕುತ್ತೇನೆ ಎಂದಿದ್ದಾಳೆ. ಆಮೇಲೆ? ಬಾಣಂತನ ಹತ್ತು ದಿನಕ್ಕೆ ಮುಗಿಯುವುದಲ್ಲ. ಹಂಡೆಗೆ ನೀರು ಸೇದುವವರು ಯಾರು, ನಿನಗೆ ಎಣ್ಣೆ ತೀಡುವವರು ಯಾರು, ನಡುರಾತ್ರಿ ಕೂಸು ಅತ್ತರೆ ಎತ್ತಿ ನಿನ್ನ ಕೈಗೆ ಕೊಡುವವರು ಯಾರು? ನನ್ನ ಕೈಯಿಂದ ಆಗುವ ಕೆಲಸ ಒಂದಾದರೂ ಇದೆಯೇ ಎಂದು ಹುಡುಕಿದರೆ ಸಿಗುವುದಿಲ್ಲ.

ಈ ಕಾಗದವನ್ನು ಅಳಿಯಂದಿರಿಗೂ ಅತ್ತೆಯವರಿಗೂ ಓದಿ ಹೇಳು. ಬೀಗಿತಿಯವರ ಮುಂದೆ ತಲೆ ಎತ್ತಿ ನಿಲ್ಲುವ ಯೋಗ್ಯತೆ ನನಗೆ ಉಳಿದಿಲ್ಲ. ಅವರು ಅಲ್ಲೇ ಬಾಣಂತನ ಮಾಡುತ್ತೇವೆಂದರೆ ಅವರ ಉಪಕಾರ ಸಾಯುವವರೆಗೂ ಮರೆಯುವುದಿಲ್ಲ. ತವರಿಗೇ ಹೋಗಲಿ ಎಂದರೆ ಅಳಿಯಂದಿರೇ ದಯವಿಟ್ಟು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಕರೆತಂದು ಬಿಡಬೇಕು. ನಾನೇ ಬರಬೇಕಾದವನು, ಬರಲಾಗುತ್ತಿಲ್ಲ. ಅವ್ವನೊಬ್ಬಳನ್ನೇ ಬಿಟ್ಟು ಹೇಗೆ ಬರಲಿ? ನೀವು ಹೇಗೆ ತೀರ್ಮಾನ ಮಾಡಿದರೂ ನನಗೆ ಒಪ್ಪಿಗೆ. ಬೇಡವೆನ್ನಲು ನಾನು ಯಾರು?

ನೀನು ಅತ್ತು ಮೈ ಕೆಡಿಸಿಕೊಳ್ಳಬೇಡ. ಭಾರ ಎತ್ತಬೇಡ. ಹಸಿದುಕೊಂಡು ಇರಬೇಡ. ಅವ್ವ ಒಳಗಿನಿಂದ ಹೇಳುತ್ತಿದ್ದಾಳೆ: "ಎಡಮಗ್ಗುಲಿಗೆ ಮಲಗು ಅಂತ ಬರೀರಿ." ಬರೆದಿದ್ದೇನೆ. ನಿನಗೆ ಸುಖವಾಗಿ ಹೆರಿಗೆಯಾಗಲಿ, ಹುಟ್ಟುವ ಕೂಸಿಗೆ ನಮ್ಮಿಬ್ಬರ ಉಳಿದ ಆಯುಷ್ಯವೂ ಸೇರಲಿ. ಅಳಿಯಂದಿರಿಗೆ ಆಶೀರ್ವಾದ, ಬೀಗಿತಿಯವರಿಗೆ ಕೈಮುಗಿದು ನಮಸ್ಕಾರ.

ಇಂತು ನಿನ್ನ ಅಪ್ಪಯ್ಯ,
ಕೆಂಪಪ್ಪ

ತಾ. ಕ.: ಈ ಚೀಟಿಯನ್ನು ಬೇರೆಯಾಗಿ ಬರೆದು ಲಕೋಟೆಯೊಳಗೆ ಇಟ್ಟಿದ್ದೇನೆ. ಇದನ್ನು ಯಾರಿಗೂ ತೋರಿಸಬೇಡ. ಓದಿದ ಮೇಲೆ ಒಲೆಗೆ ಹಾಕು.

ಅವ್ವ ಎಲ್ಲರಿಗೂ ಹೇಳುತ್ತಿರುವುದು ನಡೆದ ಸಂಗತಿಯಲ್ಲ. ಹಾಗೆಂದು ಅವಳಿಗೂ ಗೊತ್ತಿಲ್ಲ. ಹೋದ ದೀಪಾವಳಿಯಿಂದ ನನ್ನ ಬಲಗಣ್ಣು ಕಾಣುವುದಿಲ್ಲ ಲೋಕಿ. ಎಡಗಣ್ಣಿಗೂ ಪೊರೆ ಬರುತ್ತಿದೆ. ಕಾಗದವನ್ನು ಮೂಗಿನ ಹತ್ತಿರ ಹಿಡಿದರೆ ಅಕ್ಷರ ಕಾಣುತ್ತದೆ. ಒಂದು ಮಾರು ಆಚೆ ಇರುವುದು ಗಂಜಿಯ ತಿಳಿಯೊಳಗೆ ನೋಡಿದ ಹಾಗೆ. ನಾನು ಯಾರಿಗೂ ಹೇಳಲಿಲ್ಲ. ಕಣ್ಣಿಲ್ಲದವನೆಂದು ತಿಳಿದರೆ ಗದ್ದೆಯ ಒಡೇರು ಗೇಣಿ ಬಿಡಿಸಿ, ಮನೆಯನ್ನೂ ಖಾಲಿ ಮಾಡಿಸಿ ಬೇರೆಯವರಿಗೆ ಕೊಡುತ್ತಾರೆ, ಆಮೇಲೆ ನಿನ್ನ ಬಾಣಂತನ ಯಾವ ಮನೆಯಲ್ಲಿ ಮಾಡುವುದು ಎಂಬ ಹೆದರಿಕೆ. ಮಳೆಗಾಲ ಒಂದು ಕಳೆಯಲಿ ಎಂದುಕೊಂಡೆ.

ಬೇಸಿಗೆಯೆಲ್ಲ ನಾನು ಕಟ್ಟಿಗೆ ಸೀಳಿದ್ದು ಕಿವಿಯಿಂದ. ತುಂಡು ನಿಲ್ಲಿಸಿ ಕೈ ತೆಗೆದ ಮೇಲೆ ಅವಳು "ಹೂಂ" ಅನ್ನುತ್ತಾಳೆ. ಮೂವತ್ತು ವರ್ಷದ ಅಭ್ಯಾಸ. ಆ ಸದ್ದಿನ ಮೇಲೆ ಕೊಡಲಿ ಇಳಿಸುತ್ತಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ಅವತ್ತು ಅವಳ ಕೈ ಇನ್ನೂ ತುಂಡಿನ ಮೇಲಿತ್ತು. ಮಾಳಮ್ಮ ಬೇಲಿಯಾಚೆಯಿಂದ "ಗಂಜಿ ಆಯ್ತೇನೇ?" ಎಂದು ಕೇಳಿದಳು. ಇವಳು ಅವಳಿಗೆ "ಹೂಂ" ಎಂದಳು. ನಾನು ಹೊಡೆದೆ. ತುಂಡು ವಾಲಿರಲಿಲ್ಲ, ಕೊಡಲಿ ನೆಟ್ಟಗೆ ನಡುವಿಗೇ ಇಳಿದದ್ದು ನನ್ನ ಕೈಗೆ ತಿಳಿಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆದದ್ದು, ಹೇಗಾಯಿತೆಂದು ಅವಳಿಗೆ ನೆನಪಿಲ್ಲ. ಗಂಡನ ಏಟು ತಪ್ಪುವುದಿಲ್ಲ ಎಂದು ನಂಬಿದವಳು, ಆದ್ದರಿಂದ ತನ್ನ ಕೈಯೇ ತಪ್ಪಿರಬೇಕೆಂದು ತಾನೇ ಒಂದು ಕಥೆ ಕಟ್ಟಿಕೊಂಡು ಅದನ್ನೇ ನಿಜವೆಂದುಕೊಂಡಿದ್ದಾಳೆ.

ತಿಂಗಳಿನಿಂದ ದಿನಾ ಹೇಳಬೇಕೆಂದು ಏಳುತ್ತೇನೆ. ಬಾಯಿ ಬರುವುದಿಲ್ಲ. ಹೇಳಿದರೆ ಕಣ್ಣಿನದೂ ಹೇಳಬೇಕು, ಅವಳು ತನ್ನ ಕೈಯನ್ನು ಮರೆತು ನನ್ನ ಕಣ್ಣಿಗೆ ಅಳುತ್ತಾಳೆ. ಹೇಳದಿದ್ದರೆ ಬಂದವರ ಮುಂದೆಲ್ಲ ತನ್ನನ್ನೇ ಬೈದುಕೊಳ್ಳುತ್ತಾಳೆ, ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ. ನೀನು ಬಂದರೆ ನೀನೇ ಹೇಳುತ್ತೀಯಾ? ಇಲ್ಲ, ಬೇಡವೆನ್ನುತ್ತೀಯಾ? ಏನೆಂದು ಒಂದು ಸಾಲು ಬರಿ ಮಗಳೇ.

ನಿನ್ನೆ ಮೊದಲ ಸಲ ಅವಳೇ ಅಡಿಗೆ ಮಾಡಿ ಎಡಗೈಯಲ್ಲಿ ನನಗೆ ಅನ್ನ ಬಡಿಸಿದಳು. "ಎಡಗೈಲಿ ಬಡಿಸ್ತೀನಿ ಅಂತ ತಪ್ಪು ತಿಳ್ಕಬೇಡಿ" ಎಂದಳು. ನಾನು ತಲೆ ತಗ್ಗಿಸಿಕೊಂಡು ಉಂಡೆ.